ಯಂತ್ರಕ್ಕೆ ಅಂಕ ಕೊಡಲು ಕಲಿಸಿದ್ದು

ಕವಿತೆಗೆ ಅಂಕ ಕೊಡುವುದು ಹೇಗೆಂದು ನನಗೆ ಗೊತ್ತಿಲ್ಲ. ನಾನು ಬ್ಯಾಂಕಿನಲ್ಲಿಯೋ ಅಂಚೆ ಕಚೇರಿಯಲ್ಲಿಯೋ ಕೆಲಸದಲ್ಲಿದ್ದಿದ್ದರೆ ಇದನ್ನು ಒಪ್ಪಿಕೊಳ್ಳಲು ಸಂಕೋಚಪಡಬೇಕಾಗಿರಲಿಲ್ಲ. ಆದರೆ ನಾನು ಕನ್ನಡದ ಅಧ್ಯಾಪಕ. ಸೃಜನಶೀಲ ಬರವಣಿಗೆ ಎಂಬ ಪತ್ರಿಕೆಯನ್ನು ಹದಿನೆಂಟು ವರ್ಷ ಪಾಠ ಮಾಡಿ, ವರ್ಷವರ್ಷವೂ ಹುಡುಗ ಹುಡುಗಿಯರು ಬರೆದುಕೊಟ್ಟ ಕವಿತೆಗಳ ಮೇಲೆ ಇಪ್ಪತ್ತಕ್ಕೆ ಇಷ್ಟು ಎಂದು ಕೆಂಪು ಶಾಯಿಯಲ್ಲಿ ಬರೆದು, ಕೆಳಗೊಂದು ಗೆರೆ ಎಳೆದು ರುಜು ಹಾಕಿದವನು. ಕೈ ನಡುಗಲಿಲ್ಲವೇ ಎಂದು ನೀವು ಕೇಳಬಹುದು. ನನ್ನ ಕೈ ಧಾರಾಳವಾಗಿ ನಡುಗುತ್ತದೆ, ಆದರೆ ಬೇರೆ ವಿಷಯಗಳಿಗೆ. ವಿಜಯನಗರದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೊರಟು ಮುಖ್ಯರಸ್ತೆ ಸೇರುವಷ್ಟರಲ್ಲಿ ಗ್ಯಾಸಿನ ವಾಲ್ವು ತಿರುಗಿಸಿದ್ದೇನೋ ಇಲ್ಲವೋ ಎಂಬ ಚಿಂತೆ ಶುರುವಾಗಿ, ವಾರಕ್ಕೆ ಎರಡು ದಿನವಾದರೂ ಹಿಂದಕ್ಕೆ ಬಂದು ನೋಡಿ ಹೋಗುವವನು ನಾನು. ಒಮ್ಮೆ ಹಾಗೆ ಬಂದು ವಾಲ್ವು ಸರಿಯಾಗಿಯೇ ಇದೆಯೆಂದು ಸಮಾಧಾನಪಟ್ಟು, ಆ ಸಮಾಧಾನದಲ್ಲಿ ಬಾಗಿಲಿಗೆ ಬೀಗ ಹಾಕುವುದನ್ನೇ ಮರೆತು ಹೋಗಿದ್ದೆ. ಅಂಕದ ವಿಷಯದಲ್ಲಿ ಮಾತ್ರ ನನಗೆ ಒಂದು ದಿನವೂ ಚಿಂತೆಯಾದದ್ದಿಲ್ಲ. ಕಾರಣ ಬಹಳ ಸರಳ. ಹದಿನೆಂಟು ವರ್ಷದಲ್ಲಿ ಒಬ್ಬರೂ ನನ್ನೆದುರು ನಿಂತು ಏಕೆ ಎಂದು ಕೇಳಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನಿದ್ದ ವಿದ್ಯಾಸಂಸ್ಥೆಯ ಹೆಸರು ಬೇಡ. ಮೈಸೂರಿನಲ್ಲಿತ್ತು, ಮರಗಳು ಚೆನ್ನಾಗಿದ್ದವು ಎಂದರೆ ಸಾಕು. ಅಲ್ಲಿ ಹೊಸದಾಗಿ ಕಂಪ್ಯೂಟರ್ ವಿಭಾಗ ತೆರೆದಿದ್ದರು. ಇಡೀ ಆವರಣದಲ್ಲಿ ತಣ್ಣನೆಯ ಗಾಳಿ ಬೀಸುವ ಯಂತ್ರವಿದ್ದ ಕೋಣೆ ಅದೊಂದೇ. ಪ್ರಾಂಶುಪಾಲರು ಬೆವರಿದರೂ ಪರವಾಗಿಲ್ಲ, ಕಂಪ್ಯೂಟರು ಬೆವರಬಾರದು. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕಾಗಿತ್ತು. ನಮ್ಮ ಸಂಸ್ಕೃತದ ಮೇಷ್ಟ್ರು ಮೊದಲ ದಿನ ಅಭ್ಯಾಸಬಲದಿಂದ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಹೋದರಂತೆ. ನನಗೆ ಭಕ್ತಿಗಿಂತ ಹೆಚ್ಚಾಗಿ ಕಾಲುಚೀಲದ ಚಿಂತೆ. ಎಡಗಾಲಿನ ಹೆಬ್ಬೆರಳಿನ ಹತ್ತಿರ ತೂತಿತ್ತು, ಹಾಗಾಗಿ ಆ ಕಡೆಗೆ ಸುಳಿಯದೆ ಎರಡು ವರ್ಷ ಕಳೆದಿದ್ದೆ. ಒಂದು ದಿನ ಸಾಂದರ್ಭಿಕ ರಜೆ ಕೇಳೋಣವೆಂದು ನಮ್ಮ ವಿಭಾಗದ ಮುಖ್ಯಸ್ಥರಾದ ಚನ್ನಬಸಪ್ಪನವರ ಕೋಣೆಯ ಬಾಗಿಲಲ್ಲಿ ನಿಂತೆ. ಅವರ ಎದುರಿಗೆ ಕಂಪ್ಯೂಟರ್ ವಿಭಾಗದ ಶೈಲಜಾ ಮೇಡಂ ಕೂತಿದ್ದರು. ಕನ್ನಡಕ ಹಾಕಿದ, ಮೂವತ್ತರ ಒಳಗಿನ, ಮಾತಿಗೆ ಮುಂಚೆ ಪೆನ್ನು ತೆಗೆಯುವ ಜಾತಿಯ ಅಧ್ಯಾಪಕಿ. ಆಕೆಗೆ ಒಬ್ಬ ತಜ್ಞರು ಬೇಕಾಗಿದ್ದಾರೆಂದು ಮುಖ್ಯಸ್ಥರು ಹೇಳಿದರು. ಬೇರೆಯವರೆಲ್ಲ ಏನೇನೋ ಹೇಳಿ ಜಾರಿಕೊಂಡಿದ್ದರೆಂದು ಆಮೇಲೆ ತಿಳಿಯಿತು. ಬಾಗಿಲಲ್ಲಿ ಸಿಕ್ಕಿದವನು ನಾನು. ಹೀಗೆ ತಜ್ಞನಾದೆ. ರಜೆ ಸಿಗಲಿಲ್ಲ.

ಆಕೆ ಮಾಡುತ್ತಿದ್ದದ್ದು ಕೃತಕ ಬುದ್ಧಿಮತ್ತೆಯ ಕೆಲಸ. ಆ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಉಳಿದ ಸರ್ವಿಸ್ಸು ಎಷ್ಟು ವರ್ಷ ಎಂದು ಮನಸ್ಸಿನಲ್ಲೇ ಎಣಿಸಿದೆ. ಶೈಲಜಾ ಮೇಡಂ ಸಮಾಧಾನ ಹೇಳಿದರು. ಯಂತ್ರಕ್ಕೆ ಸ್ವಂತ ಬುದ್ಧಿ ಇರುವುದಿಲ್ಲವಂತೆ. ಒಂದು ಕೆಲಸದಲ್ಲಿ ಪಳಗಿದವರನ್ನು ಕೂರಿಸಿಕೊಂಡು, ನೀವು ಇದನ್ನು ಹೇಗೆ ನಿರ್ಧರಿಸುತ್ತೀರಿ ಎಂದು ಕೇಳಿ ಕೇಳಿ, ಅವರ ತಲೆಯಲ್ಲಿರುವುದನ್ನೆಲ್ಲ ಇಂಥದ್ದಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ ಎಂಬ ನಿಯಮಗಳಾಗಿ ಬರೆದು ಯಂತ್ರದೊಳಗೆ ತುಂಬಬೇಕು. ಆಮೇಲೆ ಆ ತಜ್ಞರು ಊರಲ್ಲಿಲ್ಲದಿದ್ದರೂ ಯಂತ್ರ ಅವರ ಹಾಗೆಯೇ ತೀರ್ಮಾನ ಕೊಡುತ್ತದೆ. ಹಿಂದಿನ ವರ್ಷ ಒಬ್ಬ ಸ್ಕೂಟರ್ ಮೆಕ್ಯಾನಿಕ್ಕನನ್ನು ಹೀಗೆ ಕೂರಿಸಿಕೊಂಡು, ಸ್ಕೂಟರು ಸ್ಟಾರ್ಟ್ ಆಗದಿದ್ದರೆ ಏನು ನೋಡಬೇಕು ಎನ್ನುವ ಪ್ರೋಗ್ರಾಂ ಮಾಡಿದ್ದರಂತೆ. ಮೆಕ್ಯಾನಿಕ್ಕು ನಾಲ್ಕೇ ದಿನದಲ್ಲಿ ಎಲ್ಲಾ ಹೇಳಿ ಮುಗಿಸಿದನೆಂದು ಆಕೆ ಮೆಚ್ಚಿಕೊಂಡದ್ದು ನನಗೆ ಸ್ವಲ್ಪ ಚುಚ್ಚಿತು. ಇಂಜಿನಿಯರಿಂಗ್ ಕೆಲಸಗಳಲ್ಲಿ ಇದು ನಡೆಯುತ್ತದೆ, ಕಲೆಯ ವಿಷಯದಲ್ಲೂ ನಡೆಯುತ್ತದೆಂದು ತೋರಿಸಿಬಿಟ್ಟರೆ ಹೊರಗಿನಿಂದ ಬರುವ ಸಮಿತಿ ಒಪ್ಪುತ್ತದೆ ಎಂದು ಆಕೆಯ ಆಸೆ. ಸಮಿತಿ ಒಪ್ಪಿದರೆ ವರ್ಷ ವರ್ಷವೂ ಕಾಗದ ಬರೆದುಕೊಟ್ಟು ಮುಂದುವರಿಸುತ್ತಿದ್ದ ಆಕೆಯ ತಾತ್ಕಾಲಿಕ ನೌಕರಿ ಕಾಯಂ ಆಗುತ್ತಿತ್ತು. ಒಪ್ಪದಿದ್ದರೆ ಜೂನ್ ತಿಂಗಳಿಗೆ ಮನೆಗೆ. ಇದನ್ನು ಆಕೆ ನನಗೆ ಹೇಳಿದ್ದು ಬಹಳ ನಿಧಾನವಾಗಿ, ಪೆನ್ನಿನ ಮುಚ್ಚಳ ಹಾಕುತ್ತ.

ತಲೆಯಲ್ಲಿರುವುದನ್ನು ಹೊರಗೆ ತೆಗೆಯುವುದು ಇಷ್ಟು ಸುಲಭವೇ ಎಂದು ಮನೆಯಲ್ಲಿ ಒಂದು ಪ್ರಯೋಗ ಮಾಡಿ ನೋಡಿದೆ. ನನ್ನ ಹೆಂಡತಿ ಗಿರಿಜೆ ಸಾರಿನ ವಿಷಯದಲ್ಲಿ ತಜ್ಞೆ ಎಂಬುದನ್ನು ಅವಳ ಅತ್ತೆಯೇ ಒಪ್ಪಿದ್ದರು. ಒಂದು ಭಾನುವಾರ ನೋಟ್ ಪುಸ್ತಕ ಹಿಡಿದು ಒಲೆಯ ಪಕ್ಕ ನಿಂತು, ಸಾರು ಆಯಿತೆಂದು ನಿನಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ತಿಳಿಯುತ್ತೆ ಎಂದಳು. ಕುದಿ ಬಂದು ಎಷ್ಟು ನಿಮಿಷಕ್ಕೆ ಎಂದು ಕೇಳಿದೆ. ಕುದಿಯುವುದು ನೋಡಿದರೆ ಗೊತ್ತಾಗುತ್ತೆ ಎಂದಳು. ನೋಡಿದರೆ ಏನು ಕಾಣುತ್ತದೆ ಎಂದೆ. ಸಾರು ಕಾಣುತ್ತೆ ಎಂದಳು. ಇಂಗು ಎಷ್ಟು ಎಂದಾಗ ಸೌಟನ್ನು ಕೆಳಗಿಟ್ಟು ನನ್ನನ್ನೇ ಒಂದು ಕ್ಷಣ ನೋಡಿ, ನೋಟ್ ಪುಸ್ತಕಕ್ಕೆ ಆವಿ ಬಡಿಯುತ್ತಿದೆ, ಆಚೆ ಹೋಗಿ ಎಂದಳು. ನನಗೆ ಇದರಿಂದ ಧೈರ್ಯ ಬಂತು. ಸಾರಿಗೇ ನಿಯಮ ಸಿಗದಿದ್ದ ಮೇಲೆ ಕವಿತೆಗೆ ಎಲ್ಲಿಂದ ಸಿಗಬೇಕು? ಶೈಲಜಾ ಮೇಡಂ ಕೇಳುತ್ತಾರೆ, ನಾನು ದೊಡ್ಡ ದೊಡ್ಡ ಮಾತು ಹೇಳುತ್ತೇನೆ, ಯಂತ್ರಕ್ಕೆ ಅರ್ಥವಾಗುವುದಿಲ್ಲ, ಎಲ್ಲರೂ ಗೌರವದಿಂದ ಎದ್ದು ಹೋಗುತ್ತೇವೆ ಎಂದುಕೊಂಡೆ.

ಹೊಸ ಕಾಲುಚೀಲ ಕೊಂಡು ಹೋದೆ. ಮೂರು ವಾರ ಆ ತಣ್ಣನೆಯ ಕೋಣೆಯಲ್ಲಿ ಮಫ್ಲರು ಸುತ್ತಿಕೊಂಡು ಕೂತು, ನಾನು ಕವಿತೆಯಲ್ಲಿ ಏನೇನು ನೋಡುತ್ತೇನೆಂದು ಹೇಳಿದೆ. ಭಾವತೀವ್ರತೆ ಎಂದೆ. ಅನುಭವದ ಪ್ರಾಮಾಣಿಕತೆ ಎಂದೆ. ಧ್ವನಿ, ಲಯ, ಪ್ರತಿಮೆಗಳ ಹೊಸತನ ಎಂದೆ. ಹೇಳುತ್ತ ಹೇಳುತ್ತ ನನಗೇ ನನ್ನ ಬಗ್ಗೆ ಗೌರವ ಹೆಚ್ಚಿತು. ಇಂಥ ಮೇಷ್ಟ್ರು ನನಗೇಕೆ ಸಿಕ್ಕಲಿಲ್ಲ ಎಂದು ಕೂಡ ಅನ್ನಿಸಿತು. ಆಕೆ ಎಲ್ಲವನ್ನೂ ಟೈಪ್ ಮಾಡಿಕೊಂಡರು. ಯಂತ್ರಕ್ಕೆ ಕನ್ನಡ ಓದಲು ಬರುತ್ತಿರಲಿಲ್ಲವೆಂಬುದು ಆಗ ತಿಳಿಯಿತು. ಅದು ಪರದೆಯ ಮೇಲೆ ಒಂದೊಂದೇ ಪ್ರಶ್ನೆ ಕೇಳುತ್ತಿತ್ತು, ಅದೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ: ಭಾವತೀವ್ರತೆ ಇದೆಯೇ? ಕವಿತೆಯನ್ನು ಕೈಯಲ್ಲಿ ಹಿಡಿದವರು ಓದಿ ಹೌದು ಅಥವಾ ಇಲ್ಲ ಎಂಬ ಗುಂಡಿ ಒತ್ತಬೇಕು. ಎಲ್ಲ ಉತ್ತರವಾದ ಮೇಲೆ ಅಂಕ ಹೇಳುತ್ತಿತ್ತು. ಅಂದರೆ ಕವಿತೆ ಓದುವ ಶ್ರಮ ತಪ್ಪಿಸಲು ಮಾಡಿದ ಯಂತ್ರಕ್ಕಾಗಿ ನಾನು ಪ್ರತಿ ಕವಿತೆಯನ್ನೂ ಮೊದಲಿಂದ ಕೊನೆಯವರೆಗೆ ಓದಬೇಕಾಯಿತು. ಇದು ನನಗೆ ಹೊಸ ಅನುಭವ. ಹಳೆಯ ಮೂವತ್ತು ಕವಿತೆಗಳ ಮೇಲೆ ಪರೀಕ್ಷಿಸಿದೆವು. ನಾನು ಹನ್ನೊಂದು ಕೊಟ್ಟಿದ್ದ ಕವಿತೆಗೆ ಯಂತ್ರ ಹತ್ತೊಂಬತ್ತು ಕೊಟ್ಟಿತು. ಹದಿನೈದು ಕೊಟ್ಟಿದ್ದಕ್ಕೆ ನಾಲ್ಕು. ಮೂವತ್ತರಲ್ಲಿ ಒಂದು ಮಾತ್ರ ತಾಳೆಯಾಯಿತು, ಅದೂ ಆ ಹುಡುಗ ಖಾಲಿ ಹಾಳೆ ಕೊಟ್ಟಿದ್ದರಿಂದ.

ಯಂತ್ರ ಕೆಟ್ಟಿರಬೇಕು ಎಂದೆ. ಶೈಲಜಾ ಮೇಡಂ ಹಾಗೆ ಹೇಳಲಿಲ್ಲ. ಹಳೆಯ ಉತ್ತರ ಪತ್ರಿಕೆಗಳ ಕಟ್ಟುಗಳಿದ್ದರೆ ಕೊಡಿ, ನಾನೇ ಒಮ್ಮೆ ನೋಡುತ್ತೇನೆ ಎಂದರು. ಐದು ವರ್ಷದ ಕಟ್ಟುಗಳು ನನ್ನ ಬೀರುವಿನಲ್ಲಿದ್ದವು; ಅವುಗಳನ್ನು ಹಳೇ ಪೇಪರಿಗೆ ಹಾಕಿದರೆ ಯಾರಾದರೂ ಏನಾದರೂ ಕೇಳಿಯಾರು ಎಂಬ ಹೆದರಿಕೆಯಿಂದ ಇಟ್ಟುಕೊಂಡಿದ್ದೆ. ಧೂಳು ಕೊಡವಿ ಕೊಟ್ಟೆ. ಎರಡು ವಾರವಾದ ಮೇಲೆ ಆಕೆ ಒಂದು ಹಾಳೆ ಹಿಡಿದು ನಮ್ಮ ವಿಭಾಗಕ್ಕೆ ಬಂದರು. ಬೇರೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಬಾಗಿಲು ಸ್ವಲ್ಪ ಮುಂದಕ್ಕೆ ಮಾಡಿ, ಡಾಕ್ಟರು ರಕ್ತದ ರಿಪೋರ್ಟು ಕೊಡುವಂತೆ ಅದನ್ನು ನನ್ನ ಮುಂದಿಟ್ಟರು.

ನಾನು ಎಲ್ಲರನ್ನೂ ಹನ್ನೆರಡರಿಂದ ಶುರುಮಾಡುತ್ತೇನಂತೆ. ಕವಿತೆಯಲ್ಲಿ ತಾಯಿ ಬಂದರೆ ಎರಡು ಅಂಕ ಹೆಚ್ಚು. ತಾಯಿ ತೀರಿಕೊಂಡಿದ್ದರೆ ಮೂರು. ಮೊದಲ ನಾಲ್ಕು ಸಾಲಿನೊಳಗೆ ಚಂದ್ರ ಬಂದರೆ ಒಂದು ಕಡಿಮೆ. ಶೀರ್ಷಿಕೆಯ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದಿದ್ದರೆ ಒಂದು ಹೆಚ್ಚು, ಕೈಯಲ್ಲೇ ಎಳೆದಿದ್ದರೆ ಏನೂ ಇಲ್ಲ. ಮೂರನೇ ಪುಟಕ್ಕೆ ಹೋದರೆ ಒಂದು ಕಡಿಮೆ. ಕೊನೆಯಲ್ಲಿ ಬೆಳಕು ಹರಿದರೆ ಒಂದು ಹೆಚ್ಚು. ಇವೆಲ್ಲ ಓದಿ ನಾನು ಮುಗುಳ್ನಕ್ಕು, ಒಳಗೆ ಮಾತ್ರ ಬೆವರುತ್ತಿದ್ದೆ. ಕೊನೆಯ ನಿಯಮಕ್ಕೆ ಬಂದಾಗ ನಗುವೂ ಬರಲಿಲ್ಲ. ಕೆಲವು ಸಾಲುಗಳ ಪಕ್ಕ ನಾನು ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುವುದುಂಟು. ಓದಿದ ಕೂಡಲೇ ತಲೆಗೆ ಹತ್ತದೆ, ಎರಡನೇ ಸಲ ಓದಬೇಕಾಗಿ ಬಂದ ಸಾಲು ಎಂದು ಅದರ ಅರ್ಥ. ಆ ಚಿಹ್ನೆ ಬಿದ್ದ ಕವಿತೆಗಳಿಗೆಲ್ಲ, ಒಂದೂ ತಪ್ಪದೆ, ಮೂರು ಅಂಕ ಕಳೆದಿದ್ದೆ.

“ಇದನ್ನ ಹಾಕಿದ್ರೆ ಮೂವತ್ತಕ್ಕೆ ಮೂವತ್ತೂ ತಾಳೆಯಾಗುತ್ತೆ ಸಾರ್,” ಎಂದರು ಶೈಲಜಾ ಮೇಡಂ. ಆಕೆಯ ದನಿಯಲ್ಲಿ ಗೆದ್ದ ಸಂತೋಷವಿತ್ತು. ಅದು ನನಗೆ ಕಾಣಬಾರದೆಂಬ ಮರ್ಯಾದೆಯೂ ಇತ್ತು.

ಪೆಟ್ಟು ತಿಂದವನಿಗೆ ತಿರುಗಿ ಹೊಡೆಯುವ ಆಸೆ ಸಹಜ. ನಿಮ್ಮ ಟೆಕ್ನಿಕಲ್ ಕಡೆ ಇದೆಲ್ಲ ಇರುವುದಿಲ್ಲ ಬಿಡಿ, ಎರಡು ಮತ್ತು ಎರಡು ನಾಲ್ಕೇ ಎಂದು ಕೊಕ್ಕೆ ಹಾಕಿದೆ. ಆಕೆ ನಕ್ಕುಬಿಟ್ಟರು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹುಡುಗರು ಬರೆದ ಪ್ರೋಗ್ರಾಮನ್ನು ತಾವು ಯಾರೂ ಓದುವುದಿಲ್ಲವೆಂದೂ, ಪರದೆಯ ಮೇಲೆ ಉತ್ತರ ಬಂದರೆ ಪೂರ್ತಿ ಅಂಕವೆಂದೂ ಹೇಳಿದರು. ಒಬ್ಬ ಹುಡುಗ ಲೆಕ್ಕವನ್ನೇ ಮಾಡಿಸದೆ, ಬರಬೇಕಾದ ಉತ್ತರವನ್ನು ನೇರವಾಗಿ ಪರದೆಯ ಮೇಲೆ ಬರೆಯುವ ಪ್ರೋಗ್ರಾಂ ಮಾಡಿ ಇಡೀ ತರಗತಿಗೆ ಹಂಚಿದ್ದನಂತೆ. ಎಲ್ಲರಿಗೂ ಇಪ್ಪತ್ತಕ್ಕೆ ಇಪ್ಪತ್ತು. ರೆಕಾರ್ಡ್ ಪುಸ್ತಕಕ್ಕಂತೂ ಕಂದು ಬಣ್ಣದ ಹೊದಿಕೆ ನೀಟಾಗಿ ಹಾಕಿದ್ದರೆ ಒಂಬತ್ತು, ಕಿವಿ ಮಡಚಿದ್ದರೆ ಏಳು. “ನಾವೂ ಹಾಗೇನೇ ಪಾಸ್ ಆಗಿ ಬಂದವರು ಸಾರ್,” ಎಂದರು. ನನಗೆ ಸ್ವಲ್ಪ ಸಮಾಧಾನವಾಯಿತು. ಮರುಕ್ಷಣ, ಈಕೆ ಮಾಡಿದ ಲೆಕ್ಕಾಚಾರವನ್ನು ನಂಬಬಹುದೇ ಎಂಬ ಇನ್ನೊಂದು ಚಿಂತೆ ಹತ್ತಿಕೊಂಡಿತು.

ಅಷ್ಟರಲ್ಲಿ ಆಕೆ ಹೋಗುತ್ತ ಹೋಗುತ್ತ ಒಂದು ಮಾತು ಹೇಳಿದರು. ಇಂಥ ಪ್ರೋಗ್ರಾಮುಗಳಲ್ಲಿ ಅತ್ಯಂತ ಮುಖ್ಯವಾದದ್ದು ಇನ್ನೊಂದಿದೆಯಂತೆ. ಯಂತ್ರ ಅಂಕ ಹೇಳಿದ ಮೇಲೆ ಒಂದು ಗುಂಡಿ ಒತ್ತಿದರೆ ಏಕೆ ಎಂದು ಕೇಳಿದಂತೆ. ಯಂತ್ರ ತಾನು ಯಾವ ಯಾವ ನಿಯಮ ಹಿಡಿದು ಆ ಅಂಕಕ್ಕೆ ಬಂದೆ ಎಂಬುದನ್ನು ಸಾಲು ಸಾಲಾಗಿ ತೋರಿಸುತ್ತದೆ. ಎಲ್ಲದರ ಮೇಲೂ ತಜ್ಞರ ಹೆಸರು ಇರುತ್ತದೆ. ಸಮಿತಿಯವರು ಬರುವುದು ಇನ್ನು ಹತ್ತು ದಿನಕ್ಕೆ. ಮೂವರು ಹೊರಗಿನ ಪ್ರಾಧ್ಯಾಪಕರು, ನಮ್ಮ ಮುಖ್ಯಸ್ಥರು, ಹಿಂದೆ ನಿಂತು ನೋಡಲು ನನ್ನದೇ ತರಗತಿಯ ಹುಡುಗ ಹುಡುಗಿಯರು. ಅವರೆಲ್ಲರ ಎದುರು, ನನ್ನ ಹೆಸರಿನ ಕೆಳಗೆ, ತಾಯಿ ತೀರಿಕೊಂಡಿದ್ದರೆ ಮೂರು ಅಂಕ ಎಂದು ಹಸಿರು ಅಕ್ಷರದಲ್ಲಿ ಮೂಡುತ್ತದೆ. ಹದಿನೆಂಟು ವರ್ಷದ ಮರ್ಯಾದೆ ಒಂದು ಗುಂಡಿಯ ಮೇಲೆ ನಿಂತಿತು.

ಆ ಹತ್ತು ದಿನ ನಾನು ಗ್ಯಾಸಿನ ವಾಲ್ವನ್ನು ಮರೆತೆ. ನನ್ನ ಮೊದಲಿನ ಘನವಾದ ನಿಯಮಗಳನ್ನೇ ಹಾಕಿಬಿಡಿ ಎಂದು ಕೇಳಿಕೊಳ್ಳಬಹುದಾಗಿತ್ತು, ಆದರೆ ಆಗ ಅಂಕಗಳು ತಾಳೆಯಾಗುವುದಿಲ್ಲ, ಶೈಲಜಾ ಮೇಡಂ ಜೂನ್ ತಿಂಗಳಿಗೆ ಮನೆಗೆ. ಗುಂಡಿಯನ್ನೇ ತೆಗೆದುಬಿಡಿ ಎಂದರೆ, ಅದಿಲ್ಲದಿದ್ದರೆ ಇದನ್ನು ಬುದ್ಧಿಮತ್ತೆ ಎಂದು ಸಮಿತಿಯವರು ಒಪ್ಪುವುದಿಲ್ಲವಂತೆ. ಮನೆಯಲ್ಲಿ ಗಿರಿಜೆಯ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವಳು ಅವರೆಕಾಯಿ ಬಿಡಿಸುತ್ತ ಪೂರ್ತಿ ಕೇಳಿದಳು. “ಹದಿನೆಂಟು ವರ್ಷ ಕೊಡ್ವಾಗ ಬರದೆ ಇದ್ದ ನಾಚಿಕೆ ಈಗೇನ್ ಬಂತು ಕಣ್ರೀ,” ಎಂದಳು. “ಆ ಹುಡುಗಿ ಹೊಟ್ಟೆ ಮೇಲೆ ಹೊಡೀಬ್ಯಾಡಿ. ಹೋದ್ರೆ ನಿಮ್ಮ ಮಾನ ತಾನೆ, ಹೋಗ್ಲಿ ಬುಡಿ.” ಹದಿನೆಂಟು ವರ್ಷ ಕಾಪಾಡಿಕೊಂಡ ಮಾನವನ್ನು ಹೀಗೆ ಅವರೆಕಾಯಿ ಸಿಪ್ಪೆಯ ಜತೆ ಮೊರಕ್ಕೆ ಹಾಕಿದ್ದು ನೋಡಿ ನನಗೆ ಬೇಸರವಾಯಿತು. ಆದರೆ ಮರುದಿನ ಹೋಗಿ, ಇದ್ದದ್ದು ಇದ್ದಂತೆ ಇರಲಿ ಮೇಡಂ ಎಂದು ಹೇಳಿ ಬಂದೆ. ದೊಡ್ಡ ಮನಸ್ಸಿನಿಂದಲ್ಲ. ಬೇಡ ಎಂದರೆ ಏಕೆ ಎಂದು ಆಕೆ ಕೇಳಿಯಾರು ಎಂಬ ಭಯ. ನೀವಾಗಿ ಆ ಗುಂಡಿ ಒತ್ತಬೇಡಿ ಎಂದು ಮಾತ್ರ ಕೇಳಿಕೊಂಡೆ. ಆಕೆ ತಲೆಯಾಡಿಸಿದರು.

ಸಮಿತಿ ಬಂತು. ಎಲ್ಲರ ಚಪ್ಪಲಿ ಬೂಟುಗಳು ಹೊರಗೆ ಸಾಲಾಗಿ ನಿಂತವು. ಆ ವರ್ಷದ ಕವಿತೆಗಳಿಗೆ ನಾನು ಆಗಲೇ ಅಂಕ ಕೊಟ್ಟು ಪಟ್ಟಿಯನ್ನು ಪರೀಕ್ಷಾ ವಿಭಾಗಕ್ಕೆ ಕಳಿಸಿದ್ದೆ. ಅದರ ಒಂದು ನಕಲು ಮುಖ್ಯಸ್ಥರ ಕೈಯಲ್ಲಿತ್ತು. ಅವರು ಕಟ್ಟಿನಿಂದ ಮನಸ್ಸಿಗೆ ಬಂದ ಐದು ಕವಿತೆ ತೆಗೆದರು, ಹೆಸರು ಮುಚ್ಚಿ ನಂಬರು ಮಾತ್ರ ಕಾಣುವಂತೆ. ಯಂತ್ರ ಕೇಳಿತು, ನಾನು ಹೌದು ಇಲ್ಲ ಎಂದೆ, ಶೈಲಜಾ ಮೇಡಂ ಒತ್ತಿದರು. ಹದಿನಾಲ್ಕು, ಹನ್ನೊಂದು, ಹದಿಮೂರು, ಹದಿನೈದು. ಐದನೆಯದಕ್ಕೆ ಒಂಬತ್ತು. ಐದೂ ನನ್ನ ಪಟ್ಟಿಯೊಂದಿಗೆ ಅಕ್ಷರಶಃ ತಾಳೆಯಾದವು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲ ಮುಗಿಯಿತು, ಇನ್ನು ಕಾಫಿ ಬರಬೇಕು ಎಂದು ನಾನು ಉಸಿರು ಬಿಡುವಷ್ಟರಲ್ಲಿ, ಜೀವಮಾನದಲ್ಲಿ ಕಂಪ್ಯೂಟರು ಮುಟ್ಟದ ನಮ್ಮ ಚನ್ನಬಸಪ್ಪನವರು, ಇದೇನು ಬೇರೆ ಬಣ್ಣದ ಕಾಗದ ಅಂಟಿಸಿದ್ದೀರಲ್ಲ ಎನ್ನುತ್ತ ಬೆರಳು ಚಾಚಿ ಆ ಗುಂಡಿಯನ್ನೇ ಒತ್ತಿಬಿಟ್ಟರು.

ಪರದೆ ತುಂಬ ಸಾಲುಗಳು ಬಂದವು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರಿಂದ ಮುಖ್ಯಸ್ಥರು ಒಂದನೇ ತರಗತಿಯ ಮಗುವಿನ ಹಾಗೆ ಕೂಡಿಸಿ ಕೂಡಿಸಿ, ದೊಡ್ಡ ದನಿಯಲ್ಲಿ ಓದತೊಡಗಿದರು. ತಾ, ಯಿ, ಇಲ್ಲ, ಹೆಚ್ಚಿನ ಅಂಕ ಇಲ್ಲ. ಚಂ, ದ್ರ, ಇಲ್ಲ, ಕಳೆಯುವುದೂ ಇಲ್ಲ. ಸ್ಕೇ, ಲು. ಅಲ್ಲಿಗೆ ನಿಲ್ಲಿಸಿ, ಸ್ಕೇಲು ಏತಕ್ಕೆ ಎಂದು ನನ್ನ ಕಡೆ ತಿರುಗಿದರು. ನಾನು ಎಸಿಯ ಕಡೆ ನೋಡಿದೆ. ಹಿಂದೆ ಹುಡುಗರ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಗ ಸಮಿತಿಯಲ್ಲಿ ಎಲ್ಲರಿಗಿಂತ ಹಿರಿಯರು, ಮೌಲ್ಯಮಾಪನದಲ್ಲಿ ಬಹಳ ಕಟ್ಟುನಿಟ್ಟೆಂದು ಹೆಸರಾದ ಪ್ರಾಧ್ಯಾಪಕರು, ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿ ನಿಯಮಗಳನ್ನು ಪೂರ್ತಿ ಓದಿದರು.

“ಚಂದ್ರನಿಗೆ ಒಂದೇ ಕಳೀತೀರಾ ಮೇಷ್ಟ್ರೇ? ನಾನು ಎರಡು ಕಳೀತೀನಿ,” ಎಂದರು.

ಅಷ್ಟು ಹೇಳಿದ್ದೇ ತಡ, ಕಟ್ಟೆ ಒಡೆದಂತಾಯಿತು. ಇನ್ನೊಬ್ಬರು ತಾಯಿಗೆ ತಾವು ಎರಡು ಕೊಡುವುದು ನಿಜ, ಆದರೆ ಸೊಸೆಯ ಮೇಲೆ ದೂರು ಹೇಳುವ ತಾಯಿಗೆ ಕೊಡುವುದಿಲ್ಲ ಎಂದರು. ಮೂರನೆಯವರಿಗೆ ಹಸಿರು ಶಾಯಿ ಕಂಡರೆ ಆಗದಂತೆ. ಮುಖ್ಯಸ್ಥರೂ ಸುಮ್ಮನಿರಲಾರದೆ, ಊಟಕ್ಕೆ ಮುಂಚಿನ ಕಟ್ಟಿಗೂ ಊಟವಾದ ಮೇಲಿನ ಕಟ್ಟಿಗೂ ತಮ್ಮಲ್ಲಿ ಒಂದು ಅಂಕದ ವ್ಯತ್ಯಾಸ ಇರುತ್ತದೆಂದು ಒಪ್ಪಿಕೊಂಡರು. ನಾನು ಗೆದ್ದೆ ಎಂದುಕೊಂಡೆ. ಮಾನ ಹೋಗಲಿಲ್ಲ, ಎಲ್ಲರ ಮಾನವೂ ಒಂದೇ ಮಟ್ಟದ್ದೆಂದು ಗೊತ್ತಾಯಿತು. ಆಗ ಆ ಹಿರಿಯರು ಪರದೆಯ ಕೊನೆಯ ಸಾಲು ತೋರಿಸಿ, ಪ್ರಶ್ನಾರ್ಥಕ ಚಿಹ್ನೆಗೆ ಮೂರು ಕಳೆದಿದ್ದೀರಲ್ಲ, ಯಾವ ಸಾಲು ಅದು, ಓದಿ ಎಂದರು. ಹಾಳೆ ನನ್ನ ಕೈಯಲ್ಲೇ ಇತ್ತು. ಹೂಟಗಳ್ಳಿಯ ಕಡೆಯ ಕಾರ್ಖಾನೆಯ ಬೆಳಗಿನ ಸೈರನ್ನಿನ ಮೇಲೆ ಬರೆದ ಸಣ್ಣ ಕವಿತೆ. ಓದಿದೆ.

ಸೈರನ್ನು ಕೂಗಿತು.
ಸೈಕಲ್ಲುಗಳು ಕೆಲಸಕ್ಕೆ ಹೊರಟವು
ಅಪ್ಪಂದಿರನ್ನು ಕೂರಿಸಿಕೊಂಡು.

ಸೈಕಲ್ಲು ಹೇಗೆ ಕೆಲಸಕ್ಕೆ ಹೋಗುತ್ತದೆ ಎಂದು ನಾನು ಚಿಹ್ನೆ ಹಾಕಿದ್ದೆ. ಇನ್ನೊಂದು ಸಲ ಓದಿ ಎಂದರು ಹಿರಿಯರು. ಓದಿದೆ. ಅವರು ಹೂಂ ಎಂದು, ಚಪ್ಪಲಿ ಇಲ್ಲದ ತಮ್ಮ ಪಾದಗಳನ್ನು ಸ್ವಲ್ಪ ಹೊತ್ತು ನೋಡಿಕೊಂಡರು. ಅಷ್ಟರಲ್ಲಿ ಕಾಫಿ, ಆಂಬೊಡೆ ಬಂದವು, ಕಂಪ್ಯೂಟರ್ ಕೋಣೆಯಲ್ಲಿ ತಿಂಡಿ ನಿಷಿದ್ಧವಾದ್ದರಿಂದ ಎಲ್ಲರೂ ಆಚೆಗೆ ಬಂದೆವು. ಕಾಫಿ ಮುಗಿಯುವಷ್ಟರಲ್ಲಿ ಸಮಿತಿಯ ತೀರ್ಮಾನವೂ ಆಯಿತು. ತಜ್ಞರ ಮೌಲ್ಯಮಾಪನವನ್ನು ಯಂತ್ರವು ಚಾಚೂ ತಪ್ಪದೆ ಅನುಸರಿಸಿರುವುದು ಶ್ಲಾಘನೀಯ, ಅಧ್ಯಾಪಕಿಯ ನೌಕರಿಯನ್ನು ಕಾಯಂ ಮಾಡಬಹುದು, ಒಂದೇ ಒಂದು ತಿದ್ದುಪಡಿ: ಏಕೆ ಎಂಬ ಗುಂಡಿಯನ್ನು ತೆಗೆದುಹಾಕತಕ್ಕದ್ದು. ಈ ತಿದ್ದುಪಡಿಗೆ ಮೂವರೂ ಅವಿರೋಧವಾಗಿ ರುಜು ಹಾಕಿದರು. ಶೈಲಜಾ ಮೇಡಂ ಮರುದಿನ ನನಗೆ ಮೈಸೂರುಪಾಕು ತಂದುಕೊಟ್ಟರು. ನನ್ನ ಚಿಂತೆಯ ಇತಿಹಾಸದಲ್ಲಿ ಒಂದು ಪ್ರಕರಣ ಇಷ್ಟು ಚೆನ್ನಾಗಿ ಮುಗಿದದ್ದು ಅದೇ ಮೊದಲು ಎಂದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಬಾಗಿಲಲ್ಲಿ ರೇಖಾ ನಿಂತಿದ್ದಳು. ಎರಡನೇ ವರ್ಷದ ಹುಡುಗಿ; ತರಗತಿಯಲ್ಲಿ ಹಿಂದಿನ ಬೆಂಚು, ಬಸ್ಸು ಸಿಗಲಿಲ್ಲವೆಂದು ವಾರಕ್ಕೆರಡು ದಿನ ತಡ. ಹಿಂದಿನ ದಿನ ಕಂಪ್ಯೂಟರ್ ಕೋಣೆಯಲ್ಲಿ ಹಿಂದೆ ನಿಂತವರ ನಡುವೆ ಇದ್ದವಳು. ಆ ಸೈಕಲ್ಲಿನ ಕವಿತೆ ಅವಳದು. ಹತ್ತಕ್ಕಿಂತ ಕಡಿಮೆ ಬಂದವರು ಮುಂದಿನ ವರ್ಷ ನಮ್ಮ ಪತ್ರಿಕೆ ತೆಗೆದುಕೊಳ್ಳುವಂತಿರಲಿಲ್ಲ, ಹಾಗಾಗಿ ಏಕೆ ಎಂದು ಕೇಳಲು ಬಂದಿದ್ದಾಳೆ, ಕೊನೆಗೂ ಒಬ್ಬರು ಬಂದರು ಎಂದು ನಾನು ಮೈಸೂರುಪಾಕು ನುಂಗಿ ಸಿದ್ಧನಾದೆ. ಅವಳು ಏಕೆ ಎಂದು ಕೇಳಲಿಲ್ಲ. ಕಾರಣ ಅವಳಿಗೆ ಆಗಲೇ ಗೊತ್ತಿತ್ತಲ್ಲ, ಹಸಿರು ಅಕ್ಷರದಲ್ಲಿ ನೋಡಿದ್ದಳು.

“ಸಾರ್, ಆ ಸಾಲು ಹೊಡೆದಾಕಿ ಕೊಟ್ರೆ ಹನ್ನೆರಡು ಬರುತ್ತಾ?” ಎಂದಳು.

ಅವಳ ಕೈಯಲ್ಲಿ ಪೆನ್ನು ಇತ್ತು. “ಬೇಡ ಕಣಮ್ಮ, ಹಾಗೇ ಇರ್ಲಿ, ನಾನು ನೋಡ್ತೀನಿ,” ಎಂದು ಹೇಳಿ ಕಳಿಸಿದೆ.

ಆ ಕವಿತೆಗೆ ಹದಿನೇಳು ಎಂದು ತೀರ್ಮಾನಿಸಲು ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ತಾಯಿ ಇಲ್ಲ, ಸ್ಕೇಲಿನ ಗೆರೆ ಇಲ್ಲ, ಕೊನೆಗೆ ಬೆಳಕೂ ಹರಿಯುವುದಿಲ್ಲ, ಶಿಫ್ಟು ಬದಲಾಗುತ್ತದೆ ಅಷ್ಟೆ. ಆದರೂ ಹದಿನೇಳು. ಏಕೆ ಎಂದು ಯಂತ್ರವೂ ಹೇಳಲಾರದು, ನಾನೂ ಹೇಳಲಾರೆ, ಆದರೆ ಗಿರಿಜೆಗೆ ಸಾರು ಆದದ್ದು ತಿಳಿದ ಹಾಗೆ ತಿಳಿಯಿತು. ಪಟ್ಟಿ ಆಗಲೇ ಪರೀಕ್ಷಾ ವಿಭಾಗಕ್ಕೆ ಹೋಗಿದ್ದರಿಂದ ಅಂಕ ತಿದ್ದಲು ಒಂದು ಫಾರಂ ತುಂಬಬೇಕಾಗಿತ್ತು. ಅಲ್ಲಿನ ಹಿರಿಯ ಗುಮಾಸ್ತರು ಸಿದ್ದೇಗೌಡರು. ಫಾರಮಿನಲ್ಲಿ ಬದಲಾವಣೆಗೆ ಕಾರಣ ಎಂಬ ಜಾಗದಲ್ಲಿ ನಾನು ಬಹಳ ಯೋಚಿಸಿ, ಮತ್ತೊಮ್ಮೆ ಓದಿದಾಗ ಇದು ಒಳ್ಳೆಯ ಕವಿತೆಯೆಂದು ಮನವರಿಕೆಯಾಯಿತು ಎಂದು ಬರೆದೆ. ಸಿದ್ದೇಗೌಡರು ಅದನ್ನು ಓದಿ, ಫಾರಮನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು.

“ಇಂಗ್ ಬರೆದ್ರೆ ಆಗಕಿಲ್ಲ ಸಾರ್. ಮೊದಲ್ನೇ ಸಲ ಓದಿರ್ಲಿಲ್ವಾ ಅಂತ ಮ್ಯಾಲ್ಗಡೆ ಕೇಳ್ತಾರೆ. ಕೂಡೋದ್ರಲ್ಲಿ ತಪ್ಪಾಗಿದೆ ಅಂತ ಬರೀರಿ, ಅದೊಂದೇ ಪಾಸಾಗೋದು.”

ಒಂದು ಕವಿತೆ, ಒಂದು ಅಂಕ, ಇದರಲ್ಲಿ ನಾನು ಏನನ್ನು ಏನಕ್ಕೆ ಕೂಡಿದೆ ಎಂದು ತೋರಿಸಲಿ ಎಂದೆ. ಅದನ್ನು ಯಾರೂ ಕೇಳುವುದಿಲ್ಲ ಎಂದರು. ಒಂಬತ್ತಿನಿಂದ ಹದಿನೇಳಕ್ಕೆ ಎಂಟು ಅಂಕದ ತಪ್ಪು ಸ್ವಲ್ಪ ಜಾಸ್ತಿಯಾಯಿತೆಂದು ಅವರಿಗೆ ಅನ್ನಿಸಿದ್ದು ನಿಜ, ಆದರೆ ಕನ್ನಡದ ಮೇಷ್ಟ್ರಲ್ಲವೇ, ಇರಬಹುದು ಎಂದು ತಾವೇ ಸಮಾಧಾನ ಮಾಡಿಕೊಂಡರು. ನಾನು ಬರೆದೆ. ಸಂಕಲನದಲ್ಲಿ ದೋಷವಾಗಿರುತ್ತದೆ, ಕ್ಷಮಿಸತಕ್ಕದ್ದು. ಕೆಳಗೆ ಗೆರೆ ಎಳೆದು ರುಜು ಹಾಕಿದೆ. ಫಾರಂ ಮೂರು ಮೇಜು ದಾಟಿ, ಮೂರು ಮೊಹರು ಹಾಕಿಸಿಕೊಂಡು, ಯಾರ ಒಂದು ಪ್ರಶ್ನೆಯೂ ಇಲ್ಲದೆ ಒಪ್ಪಿಗೆಯಾಗಿ ನನ್ನ ಕಡತ ಸೇರಿತು. ರೇಖಾ ಮುಂದಿನ ವರ್ಷವೂ ನಮ್ಮ ಪತ್ರಿಕೆ ತೆಗೆದುಕೊಂಡಳು, ಹಿಂದಿನ ಬೆಂಚಿನಲ್ಲೇ ಕೂತಳು, ತಡವಾಗಿಯೇ ಬಂದಳು.

ಮುಂದಿನ ಬೇಸಿಗೆಯ ಮೌಲ್ಯಮಾಪನಕ್ಕೆ ಹೋದಾಗ ಇಡೀ ಹಾಲಿನಲ್ಲಿ ನನ್ನ ಮೇಜಿನ ಮೇಲೆ ಮಾತ್ರ ಒಂದು ಕ್ಯಾಲ್ಕ್ಯುಲೇಟರು ಇಟ್ಟಿದ್ದರು. ಜಾರಬಾರದೆಂದು ಕೆಳಗೆ ರಬ್ಬರು ಕೂಡ ಅಂಟಿಸಿದ್ದರು. ಪಕ್ಕದ ಮೇಜಿನಲ್ಲಿ ಬೇರೆ ಊರಿನಿಂದ ಬಂದ ಹಿರಿಯ ಅಧ್ಯಾಪಕರೊಬ್ಬರು, ನಿಮಗೆ ಮಾತ್ರ ಏಕೆ ಇದು ಎಂದು ವಿಚಾರಿಸಿದರು. ನನಗೆ ಕೂಡುವುದು ಸ್ವಲ್ಪ ಕಷ್ಟ ಎಂದೆ. ಅವರು ಬಹಳ ಕನಿಕರಪಟ್ಟರು. ಅಂದಿನಿಂದ ಪ್ರತಿದಿನ ಸಂಜೆ ನನ್ನ ಕಟ್ಟನ್ನು ತಾವೇ ತೆಗೆದುಕೊಂಡು, ಕವಿತೆಗಳ ಕಡೆ ಕಣ್ಣೂ ಹಾಯಿಸದೆ, ಅಂಕಗಳನ್ನು ಬೆರಳು ಮಡಚಿ ಕೂಡಿ ನೋಡುತ್ತಿದ್ದರು. ಕೊನೆಯ ದಿನ ನನ್ನ ಬೆನ್ನು ತಟ್ಟಿ, ಈ ಸಲ ನಿಮ್ಮದು ಒಂದೂ ತಪ್ಪಿಲ್ಲ ಮೇಷ್ಟ್ರೇ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನನಗೆ ನಿಜವಾಗಿಯೂ ಸಂತೋಷವಾಯಿತು.